ಎಸ್‌ಎಸ್‌ಎಲ್‌ಸಿ: ಓದಿದ್ದು ಸಾಕು, ಇನ್ನು ಬರೆಸಿ

ಜನವರಿ ಬಂತೆಂದರೆ ಹತ್ತನೇ ತರಗತಿ ಮಕ್ಕಳಿರುವ ಮನೆಗಳಲ್ಲಿ ಟಿವಿ ಬಂದ್, ಬೆಳಗಿನ ಜಾವ ನಾಲ್ಕಕ್ಕೆ ಅಲಾರಾಂ. ಮಕ್ಕಳು ಓದುವುದೇನೋ ಓದುತ್ತಾರೆ. ಆದರೆ ಓದಿದ್ದನ್ನು ಗಡಿಯಾರ ಇಟ್ಟುಕೊಂಡು ಬರೆದು ನೋಡುವುದು ಕಡಿಮೆ. ಅಂಕ ಸೋರಿಹೋಗುವುದು ಹೆಚ್ಚಾಗಿ ಅಲ್ಲೇ.

ಮೊದಲ ಹಂತ: ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಿಂದ ಈ ಸಾಲಿನ ಮಾದರಿ ಪ್ರಶ್ನೆಪತ್ರಿಕೆ, ಹಳೆಯ ಪತ್ರಿಕೆಗಳು ಮತ್ತು ಅವುಗಳ ಮಾದರಿ ಉತ್ತರಗಳನ್ನು ಇಳಿಸಿಕೊಂಡು ಮುದ್ರಿಸಿಡಿ. ಮೊಬೈಲಿನಲ್ಲಿ ನೋಡಿ ಬರೆಯುವುದು ಬೇಡ. ನಡುವೆ ಒಂದು ವಾಟ್ಸ್‌ಆ್ಯಪ್ ಸಂದೇಶ ಬಂದರೆ ಅಭ್ಯಾಸ ಅಲ್ಲಿಗೇ ಮುಗಿಯಿತು.

ಎರಡನೆಯದು, ಭಾನುವಾರ ಬೆಳಿಗ್ಗೆ 10ಕ್ಕೆ ಒಂದು ಪೂರ್ತಿ ಪತ್ರಿಕೆ ಬರೆಸುವುದು. ಗಣಿತ, ವಿಜ್ಞಾನ, ಸಮಾಜಕ್ಕೆ ಲಿಖಿತ ಅಂಕ 80. ಓದಿಕೊಳ್ಳಲು 15 ನಿಮಿಷ, ಬರೆಯಲು 3 ಗಂಟೆ. ಒಂದು ಅಂಕಕ್ಕೆ ಎರಡು ನಿಮಿಷ ಎಂದು ಲೆಕ್ಕ ಹಾಕಿದರೆ 160 ನಿಮಿಷ. ಮರುಪರಿಶೀಲನೆಗೆ 20 ಉಳಿಯುತ್ತದೆ. ನಾಲ್ಕು ಅಂಕದ ಪ್ರಶ್ನೆಗೆ ಎಂಟು ನಿಮಿಷ ದಾಟಿತೋ, ಜಾಗ ಬಿಟ್ಟು ಮುಂದಕ್ಕೆ ಹೋಗಬೇಕು. ಜಾಣ ಮಕ್ಕಳು ಸೋಲುವುದು ಇಲ್ಲಿಯೇ: ಒಂದು ಲೆಕ್ಕದ ಹಟಕ್ಕೆ ಬಿದ್ದು ಕೊನೆಯ ಪುಟ ಖಾಲಿ ಬಿಡುತ್ತಾರೆ.

ಮೂರನೆಯದು ತಿದ್ದುವುದು. ಮಾದರಿ ಉತ್ತರದಲ್ಲಿ ಹಂತ ಹಂತಕ್ಕೂ ಅಂಕ ಹಂಚಿರುತ್ತದೆ. ಅದನ್ನು ಪಕ್ಕಕ್ಕಿಟ್ಟುಕೊಂಡು ಮಗುವೇ ತಿದ್ದಲಿ. ಉದಾಹರಣೆಗೆ ಗಣಿತದ ಥೇಲ್ಸ್ ಪ್ರಮೇಯ (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ ಎನ್ನುವುದು). ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ ಎಲ್ಲಕ್ಕೂ ಅಂಕವಿದೆ. ಬಾಯಿಪಾಠ ಮಾಡಿದವರು ರಚನೆಯನ್ನು ಹಾರಿಸಿ ನೇರ ಸಾಧನೆಗೆ ಇಳಿಯುತ್ತಾರೆ. ತ್ರಿಭುಜಗಳ ವಿಸ್ತೀರ್ಣದ ಅನುಪಾತ ಬರೆಯುವ ಹೊತ್ತಿಗೆ ಅದಕ್ಕೆ ಬೇಕಾದ ಎತ್ತರ ಎಲ್ಲಿಂದ ಬಂತೆಂದು ಹೇಳಲು ಚಿತ್ರದಲ್ಲಿ ಲಂಬವೇ ಇರುವುದಿಲ್ಲ. ವಿಜ್ಞಾನದಲ್ಲಿ ಹೃದಯದ ಚಿತ್ರ ನೋಡಿ: ಹೃದಯದ ಎಡಭಾಗ ಹಾಳೆಯ ಬಲಕ್ಕೆ ಬರುತ್ತದೆ. ಇದು ತಲೆಗೆ ಹೋಗದಿದ್ದರೆ ಎಷ್ಟೇ ಚೆಂದ ಬಿಡಿಸಿದರೂ ಹೃತ್ಕರ್ಣ, ಹೃತ್ಕುಕ್ಷಿಗಳ ಹೆಸರು ಅದಲುಬದಲು. ಸಮಾಜದಲ್ಲಿ ಭಾರತದ ನಕ್ಷೆಯನ್ನು ಮಕ್ಕಳೇ ಬಿಡಿಸಿ ಸ್ಥಳ ಗುರುತಿಸಬೇಕು. ಅಚ್ಚಾದ ನಕ್ಷೆಯಲ್ಲಿ ಚುಕ್ಕೆ ಇಟ್ಟು ರೂಢಿಯಾದವರಿಗೆ ಗುಜರಾತಿನ ಮೂಗೇ ಮೂಡುವುದಿಲ್ಲ. ದಿನಕ್ಕೊಂದು ನಕ್ಷೆ, ಐದು ನಿಮಿಷದಲ್ಲಿ, ಪೆನ್ಸಿಲ್‌ನಲ್ಲಿ.

ತಿದ್ದಿದ ಮೇಲೆ ಹೋದ ಒಂದೊಂದು ಅಂಕದ ಪಕ್ಕದಲ್ಲಿ ಕಾರಣ ಬರೆಸಿ: ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಿತು, ಸಮಯ ಸಾಲಲಿಲ್ಲ. ಮೂರಕ್ಕೂ ಮದ್ದು ಬೇರೆ. ಗೊತ್ತಿರದಿದ್ದರೆ ಪಠ್ಯಪುಸ್ತಕದ ಆ ಪಾಠಕ್ಕೇ ಹಿಂದಿರುಗಬೇಕು, ಗೈಡ್ ಸಾಲದು. ಗೊತ್ತಿದ್ದೂ ತಪ್ಪಿದ್ದರೆ (ಚಿಹ್ನೆ ಬಿಟ್ಟದ್ದು, ಏಕಮಾನ ಮರೆತದ್ದು) ಅದೇ ಬಗೆಯ ಐದು ಲೆಕ್ಕವನ್ನು ಮರುದಿನವೇ ಮಾಡಿಸಿ. ಸಮಯದ್ದಾದರೆ ಬರವಣಿಗೆ ನೋಡಿ. ಎರಡು ಅಂಕದ ಉತ್ತರಕ್ಕೆ ಒಂದು ಪುಟ ತುಂಬಿಸುವುದೇ ಸಾಮಾನ್ಯವಾಗಿ ಕಾರಣ.

ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಯನ್ನೂ ಹೀಗೆಯೇ ಬಿಡಿಸಿ ನೋಡಬೇಕು. ‘ಎಷ್ಟು ಬಂತು?’ ಎಂದು ಕೇಳಿ ಮಡಿಚಿಡುವ ಅಪ್ಪ ಅಮ್ಮಂದಿರೇ ಹೆಚ್ಚು. ಪಕ್ಕದ ಮನೆಯ ಹುಡುಗಿಗೆ ಬಂದದ್ದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಪರೀಕ್ಷೆಗೆ ಹತ್ತು ದಿನ ಇರುವಾಗ ಹೊಸ ಪಾಠ ಹಿಡಿಸಬೇಡಿ, ನಾಲ್ಕು ಗಂಟೆಯ ಅಲಾರಾಮನ್ನೂ ತೆಗೆಯಿರಿ. ಪರೀಕ್ಷೆ ನಡೆಯುವುದು ಹತ್ತಕ್ಕೆ, ಆಗ ಎಚ್ಚರವಿರಬೇಕು. ಪ್ರವೇಶಪತ್ರದಲ್ಲಿ ಹೆಸರು, ವಿಷಯ, ಮಾಧ್ಯಮ ಸರಿಯಿದೆಯೇ ಎಂದು ಕೈಗೆ ಬಂದ ದಿನವೇ ನೋಡಿ, ತಪ್ಪಿದ್ದರೆ ಕೂಡಲೇ ಮುಖ್ಯ ಶಿಕ್ಷಕರಿಗೆ ತಿಳಿಸಿ. ಒಂದು ಪತ್ರಿಕೆ ಕೈಕೊಟ್ಟರೆ ಅಂದು ಸಂಜೆ ಅದರ ಚರ್ಚೆ ಬೇಡ. 2023–24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದೆ. ಪರೀಕ್ಷೆ-2ರಲ್ಲಿ ಆ ವಿಷಯವನ್ನು ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ.