ಜಾಝ್‌ಮಾಸ್ಟರ್ ಗಿಟಾರಿನ ಅಗ್ಗದ ಮರುತಯಾರಿಕೆ: ಕೊಳ್ಳುವ ಮುನ್ನ ಪರೀಕ್ಷಿಸುವುದು ಹೇಗೆ?

ಫೆಂಡರ್ ಕಂಪನಿ 1958ರಲ್ಲಿ ಜಾಝ್‌ಮಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರನ್ನು ಹೊರತಂದಾಗ, ಹೆಸರೇ ಹೇಳುವಂತೆ, ಅದರ ಕಣ್ಣು ಜಾಝ್ ವಾದಕರ ಮೇಲಿತ್ತು. ಅವರು ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. 1960ರ ದಶಕದ ಆರಂಭದಲ್ಲಿ ಸರ್ಫ್ ಸಂಗೀತದವರು (ಕ್ಯಾಲಿಫೋರ್ನಿಯಾ ಕಡಲತೀರದ ರಾಕ್ ವಾದಕರು) ಅದನ್ನು ಕೈಗೆತ್ತಿಕೊಂಡರು; ಆಮೇಲೆ ಬೇಡಿಕೆ ಕುಸಿದು, 1980ರ ಹೊತ್ತಿಗೆ ತಯಾರಿಕೆಯೇ ನಿಂತಿತು. ಯಾರಿಗೂ ಬೇಡವಾಗಿ ಅಗ್ಗಕ್ಕೆ ಸಿಗುತ್ತಿದ್ದ ಹಳೆಯ ಗಿಟಾರುಗಳನ್ನು ಎಲ್ವಿಸ್ ಕಾಸ್ಟೆಲೊ, ಟಾಮ್ ವರ್ಲೇನ್ ಮತ್ತು ಸಾನಿಕ್ ಯೂತ್ ತಂಡದವರು ನುಡಿಸಿ ಹೆಸರು ಮಾಡಿದ ಮೇಲೆ ಅದರ ಅದೃಷ್ಟ ತಿರುಗಿತು. ಈಗ ಮೂಲ ಗಿಟಾರುಗಳು ಸಾಮಾನ್ಯ ವಾದಕರ ಕೈಗೆಟುಕುವುದಿಲ್ಲವಾದ್ದರಿಂದ ಫೆಂಡರ್‌ನದೇ ಅಗ್ಗದ ಬ್ರ್ಯಾಂಡ್ ಆದ ಸ್ಕ್ವಯರ್ ಸೇರಿದಂತೆ ಹಲವರು ಅದರ ಮರುತಯಾರಿಕೆಗಳನ್ನು ಮಾರುತ್ತಿದ್ದಾರೆ.

ಇಂಥದೊಂದು ಪ್ರತಿಯಲ್ಲಿ ಕಾಣುವ ಕುಂದುಗಳಲ್ಲಿ ಎರಡು ಬಗೆಯಿವೆ. ಕೆಲವು 1958ರ ವಿನ್ಯಾಸದಿಂದಲೇ ಬಂದವು. ಹಲವು ಪಟ್ಟು ದುಬಾರಿಯಾದ ಮೂಲ ಗಿಟಾರಿನಲ್ಲೂ ಅವು ಹಾಗೆಯೇ ಇರುತ್ತವೆ, ಸ್ವಲ್ಪ ಹೊಂದಾಣಿಕೆಯಿಂದ ಸರಿಯೂ ಹೋಗುತ್ತವೆ. ಇನ್ನು ಕೆಲವು ತಯಾರಕರು ಖರ್ಚು ಉಳಿಸಲು ಹೋಗಿ ತಂದವು. ಮೊದಲನೆಯದನ್ನು ಎರಡನೆಯದೆಂದು ತಿಳಿದು ಒಳ್ಳೆಯ ಗಿಟಾರನ್ನು ಬಿಟ್ಟು ಬರುವವರು ಬಹಳ. ಎರಡನೆಯದನ್ನು ‘ಹಳೆಯ ಗಿಟಾರಿನ ಸ್ವಭಾವವೇ ಹಾಗೆ’ ಎಂಬ ಮಾರಾಟಗಾರನ ಮಾತಿಗೆ ಒಪ್ಪಿ ಕೊಳ್ಳುವವರೂ ಕಡಿಮೆಯೇನಿಲ್ಲ. ಪರೀಕ್ಷೆಗೆ ಹೋಗುವಾಗ ಶ್ರುತಿ ನೋಡುವ ಟ್ಯೂನರ್, ಸಣ್ಣ ಸ್ಕ್ರೂಡ್ರೈವರ್ ಮತ್ತು ಒಂದು ಉಕ್ಕಿನ ಅಳತೆಪಟ್ಟಿ ಜೊತೆಗಿದ್ದರೆ ಸಾಕು.

ಮೊದಲು ಗಿಟಾರಿನ ಉದ್ದನೆಯ ಹಿಡಿ, ಅಂದರೆ ನೆಕ್ ನೋಡಬೇಕು, ಏಕೆಂದರೆ ಉಳಿದೆಲ್ಲ ಭಾಗಗಳನ್ನು ಬದಲಿಸಬಹುದು, ಕೆಟ್ಟ ನೆಕ್ಕನ್ನು ಬದಲಿಸುವುದೆಂದರೆ ಇನ್ನೊಂದು ಗಿಟಾರು ಕೊಂಡಂತೆಯೇ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ (ಫ್ರೆಟ್ಟೆಂದರೆ ನೆಕ್ಕಿನ ಮೇಲಿನ ಅಡ್ಡ ಲೋಹಪಟ್ಟಿ) ಒಂದು ಕೈಯಿಂದ, ಕೊನೆಯ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿದು, ಏಳು-ಎಂಟನೆಯ ಫ್ರೆಟ್ಟಿನ ಹತ್ತಿರ ತಂತಿಯ ಕೆಳಗೆ ಎಷ್ಟು ಸಂದಿಯಿದೆಯೆಂದು ನೋಡಿ. ಸುಮಾರು ಕಾಲು ಮಿಲಿಮೀಟರ್ ಇದ್ದರೆ ಸರಿ. ಹೆಚ್ಚು ಕಡಿಮೆಯಿದ್ದರೆ ನೆಕ್ಕಿನೊಳಗಿನ ಉಕ್ಕಿನ ಸರಳಾದ ಟ್ರಸ್ ರಾಡ್ ತಿರುಗಿಸಿ ಸರಿಪಡಿಸಬಹುದು, ಆದರೆ ಆ ರಾಡ್ ನಿಜವಾಗಿ ತಿರುಗುತ್ತದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ಮಾರುವವರಿಂದ ತಿರುಗಿಸಿ ತೋರಿಸಿಕೊಳ್ಳಬೇಕು. ಬಳಿಕ ನೆಕ್ಕಿನ ಎರಡೂ ಅಂಚುಗಳ ಮೇಲೆ ಅಂಗೈ ಜಾರಿಸಿ. ಮರ ಒಣಗಿ ಕುಗ್ಗಿದಾಗ ಫ್ರೆಟ್ಟಿನ ತುದಿಗಳು ಹೊರಚಾಚಿ ಗರಗಸದ ಹಲ್ಲಿನಂತೆ ಚುಚ್ಚುತ್ತವೆ. ಇದನ್ನು ಅರದಿಂದ ಉಜ್ಜಿ ಸರಿಮಾಡಬಹುದು, ಆ ಕೂಲಿಯನ್ನು ಬೆಲೆಯಲ್ಲಿ ಕಳೆದು ಕೇಳಿ.

ಆಮೇಲೆ ಆರೂ ತಂತಿಗಳ ಪ್ರತಿ ಫ್ರೆಟ್ಟನ್ನೂ ಒಂದೊಂದಾಗಿ ನುಡಿಸಿ. ಬೇಸರದ ಕೆಲಸ ನಿಜ, ಆದರೆ ಇದಕ್ಕೆ ಬದಲಿ ದಾರಿಯಿಲ್ಲ. ಜೀರ್ ಎನ್ನುವ ಸದ್ದು ನೆಕ್ಕಿನುದ್ದಕ್ಕೂ ಕೇಳಿದರೆ ತಂತಿಗಳು ತೀರ ಕೆಳಗಿವೆಯೆಂದು ಅರ್ಥ. ಒಂದೇ ಜಾಗದಲ್ಲಿ ಕೇಳಿದರೆ ಅದರ ಮುಂದಿನ ಫ್ರೆಟ್ ಎದ್ದುನಿಂತಿದೆ, ಅದು ತಯಾರಿಕೆಯ ದೋಷ. ಮೂಲ ಗಿಟಾರಿನ ಫಿಂಗರ್‌ಬೋರ್ಡಿನ ಬಾಗು 7.25 ಇಂಚು ತ್ರಿಜ್ಯದ್ದಾಗಿದ್ದು, ತಂತಿ ಕೆಳಗಿದ್ದರೆ ಸಣ್ಣ ತಂತಿಯನ್ನು ಮೇಲಿನ ಫ್ರೆಟ್ಟುಗಳಲ್ಲಿ ಎಳೆದು ಬೆಂಡ್ ಮಾಡಿದಾಗ ಸ್ವರ ಉಸಿರುಗಟ್ಟಿದಂತೆ ನಿಂತುಬಿಡುತ್ತದೆ. ಅಗ್ಗದ ಪ್ರತಿಗಳಲ್ಲಿ ಹೆಚ್ಚಾಗಿ 9.5 ಇಂಚಿನ, ಅಂದರೆ ಇನ್ನೂ ಚಪ್ಪಟೆಯಾದ ಬಾಗು ಇರುತ್ತದೆ. ಶುದ್ಧತೆಯ ಹಟವುಳ್ಳವರು ಇದನ್ನು ಕೊರತೆಯೆನ್ನುತ್ತಾರೆ, ನನಗೆ ಇದು ಉಪಕಾರವಾಗಿಯೇ ಕಂಡಿದೆ.

ಇನ್ನು ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್. ಜಾಝ್‌ಮಾಸ್ಟರಿನ ಬ್ರಿಡ್ಜ್ ಗಿಟಾರಿನ ಒಡಲಿಗೆ ಬಿಗಿದು ಕೂತಿರುವುದಿಲ್ಲ. ಅದರ ಎರಡು ಕಾಲುಗಳು ಅವುಗಳಿಗಿಂತ ಅಗಲವಾದ ಲೋಹದ ಬಟ್ಟಲುಗಳೊಳಗೆ ಚೂಪಾದ ಸ್ಕ್ರೂಗಳ ತುದಿಯ ಮೇಲೆ ನಿಂತಿದ್ದು, ಟ್ರೆಮೊಲೊ (ತಂತಿಗಳನ್ನು ಸಡಿಲಿಸಿ ಸ್ವರ ತೂಗಿಸುವ ಕಡ್ಡಿಯ ಸಾಧನ) ಒತ್ತಿದಾಗ ತಂತಿಗಳ ಜೊತೆ ಹಿಂದೆ ಮುಂದೆ ತೂಗಬೇಕೆಂದೇ ಹಾಗೆ ಮಾಡಲಾಗಿದೆ. ಇಂಥ ಗಿಟಾರನ್ನು ಮೊದಲ ಸಲ ಹಿಡಿದಾಗ ಬ್ರಿಡ್ಜ್ ಅಲ್ಲಾಡುವುದನ್ನು ಕಂಡು ನಾನು ಎಲ್ಲಿ ಬಿಗಿ ಮಾಡಬೇಕೆಂದು ಕಾಲು ಗಂಟೆ ಸ್ಕ್ರೂ ಹುಡುಕಿದ್ದೆ. ಅಲ್ಲಾಡುವುದು ದೋಷವಲ್ಲ, ಅಲ್ಲಾಡಿದ ಮೇಲೆ ನಡುವಿಗೆ ಮರಳದಿರುವುದು ದೋಷ. ಬ್ರಿಡ್ಜಿನ ಮೇಲೆ ಒಂದೊಂದು ತಂತಿಯೂ ಕೂರುವ ಸ್ಯಾಡಲುಗಳನ್ನೂ ಹತ್ತಿರದಿಂದ ನೋಡಿ: ಮೂಲ ವಿನ್ಯಾಸದಲ್ಲಿ ಅವು ಸ್ಕ್ರೂವಿನ ಎಳೆಗಳಂಥ ಆಳವಿಲ್ಲದ ಗೀರುಗಳುಳ್ಳ ಉರುಳೆಗಳು, ಜೋರಾಗಿ ಮೀಟಿದರೆ ತಂತಿ ಒಂದು ಗೀರಿನಿಂದ ಪಕ್ಕದ ಗೀರಿಗೆ ಹಾರುತ್ತದೆ. 1958ರಲ್ಲಿ ವಾದಕರು ದಪ್ಪನೆಯ, ಚಪ್ಪಟೆ ಲೋಹ ಸುತ್ತಿದ ಫ್ಲಾಟ್‌ವೌಂಡ್ ತಂತಿಗಳನ್ನು ಕಟ್ಟುತ್ತಿದ್ದರು, ಆ ಬಿಗಿತ ಬ್ರಿಡ್ಜನ್ನು ಅದುಮಿ ಹಿಡಿಯುತ್ತಿತ್ತು. ಇಂದು ನಾವು ತೆಳ್ಳನೆಯ 9 ಅಥವಾ 10ರ ಸೆಟ್ (ಅತಿ ಸಣ್ಣ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಕಟ್ಟಿ, ಬ್ರಿಡ್ಜ್ ಜೀರುಗುಟ್ಟುತ್ತದೆಂದು ದೂರುತ್ತೇವೆ. ಬ್ರಿಡ್ಜಿನ ಆಚೆ ತಂತಿ ಬಹಳ ಕಡಿಮೆ ಕೋನದಲ್ಲಿ ಇಳಿಯುವುದೇ ಇದರ ಮೂಲ. 11ರ ಸೆಟ್ ಕಟ್ಟಿ, ನೆಕ್ ಕೂರುವ ಕುಳಿಯಲ್ಲಿ ತೆಳುವಾದ ಬೆಣೆ ಕೊಟ್ಟು, ಅದಕ್ಕೆ ತಕ್ಕಂತೆ ಬ್ರಿಡ್ಜನ್ನು ಎತ್ತರಿಸಿದರೆ ತೊಂದರೆ ಬಹುಪಾಲು ಹೋಗುತ್ತದೆ. ಹೀಗಾಗಿ ಅಂಗಡಿಯಲ್ಲಿ ಜೀರ್ ಸದ್ದು ಕೇಳಿದ ಕೂಡಲೆ ಗಿಟಾರನ್ನು ಕೆಳಗಿಡಬೇಡಿ, ಯಾವ ತಂತಿ ಕಟ್ಟಿದ್ದೀರಿ ಎಂದು ಕೇಳಿ.

ಟ್ರೆಮೊಲೊಗೆ ಸಮಯ ಕೊಡಿ, ಈ ಗಿಟಾರಿನ ಅರ್ಧ ಆಕರ್ಷಣೆ ಅದರಲ್ಲಿಯೇ ಇದೆ. ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಕೆವಿನ್ ಶೀಲ್ಡ್ಸ್ ಮೀಟುವ ಕೈಯಲ್ಲೇ ಅದರ ಕಡ್ಡಿಯನ್ನು ಹಿಡಿದು ನುಡಿಸಿ ತಮ್ಮದೇ ನಾದ ಕಟ್ಟಿದ್ದು ಇದೇ ಸಾಧನದಿಂದ. ತಂತಿಗಳನ್ನು ಶ್ರುತಿ ಮಾಡಿ, ಕಡ್ಡಿಯನ್ನು ಮೆಲ್ಲಗೆ ಹತ್ತು ಬಾರಿ ಒತ್ತಿ ಬಿಡಿ, ಮತ್ತೆ ಟ್ಯೂನರ್ ನೋಡಿ. ಶ್ರುತಿ ಸರಿದಿದ್ದರೆ ಟ್ರೆಮೊಲೊವನ್ನೇ ದೂರುವ ಮುನ್ನ ನಟ್, ಅಂದರೆ ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಕಚ್ಚುಪಟ್ಟಿ ನೋಡಿ. ಬಿರಡೆ ತಿರುಗಿಸುವಾಗ ಟಿಣ್ ಎಂಬ ಸಣ್ಣ ಸದ್ದು ಬಂದರೆ ತಂತಿ ನಟ್ಟಿನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ, ಅದು ಚಿಕ್ಕ ರಿಪೇರಿ. ಕಡ್ಡಿ ತನ್ನ ತೂತಿನಲ್ಲಿ ಲೊಡಲೊಡ ಆಡುತ್ತಿದ್ದರೆ, ಒತ್ತುವಾಗ ಒಳಗಿನ ಸ್ಪ್ರಿಂಗ್ ಕಿರುಗುಟ್ಟಿದರೆ, ಅದು ಖರ್ಚು ಉಳಿಸಿದ ಗುರುತು. ಮೂಲದಲ್ಲಿ ಟ್ರೆಮೊಲೊದ ತಗಡಿನ ಮೇಲೊಂದು ಸರಿಯುವ ಗುಂಡಿಯಿದೆ, ಒಂದು ತಂತಿ ತುಂಡಾದರೂ ಉಳಿದವುಗಳ ಶ್ರುತಿ ಕಾಯುವ ಬೀಗ ಅದು. ಅಗ್ಗದ ಕೆಲವು ಪ್ರತಿಗಳಲ್ಲಿ ಈ ಗುಂಡಿಯನ್ನೇ ಬಿಟ್ಟಿರುತ್ತಾರೆ.

ಬಣ್ಣದ ಲೇಪ ಹಳೆಯ ಬಗೆಯ ನೈಟ್ರೋಸೆಲ್ಯುಲೋಸ್ ಮೆರುಗೋ ಈಗಿನ ಪಾಲಿ ಪ್ಲಾಸ್ಟಿಕ್ ಲೇಪವೋ ಎಂಬ ಚರ್ಚೆಯಲ್ಲಿ ಹೊತ್ತು ಕಳೆಯುವ ಅಗತ್ಯವಿಲ್ಲ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪುಗಳ ವಿಷಯ ಹಾಗಲ್ಲ. ಜಾಝ್‌ಮಾಸ್ಟರ್ ಪಿಕಪ್ಪಿನ ಸುರುಳಿ ಚಪ್ಪಟೆಯಾಗಿ ಅಗಲಕ್ಕೆ ಹರಡಿರುತ್ತದೆ, ಆರು ಕಂಬಗಳೂ ಸ್ವತಃ ಅಯಸ್ಕಾಂತಗಳು. ಅಗ್ಗದ ಪ್ರತಿಗಳಲ್ಲಿ ಅದೇ ಬಿಳಿ ಮುಚ್ಚಳದ ಕೆಳಗೆ, ತಳದಲ್ಲಿ ಪಟ್ಟಿ ಅಯಸ್ಕಾಂತವಿರುವ ಪಿ-90 ಎಂಬ ಬೇರೆ ಮಾದರಿಯ ಪಿಕಪ್ಪನ್ನು ಕೂರಿಸಿರುವುದುಂಟು. ಅದರ ಧ್ವನಿ ಗಟ್ಟಿ, ಆದರೆ ಬೇರೆ. ಮಾರುವವರು ಒಪ್ಪಿದರೆ ಪಿಕಪ್ಪಿನ ಸ್ಕ್ರೂ ಬಿಚ್ಚಿ ಎತ್ತಿ ನೋಡುವುದೇ ನೇರ ಉತ್ತರ. ಆಂಪ್‌ಗೆ ಜೋಡಿಸಿ, ಪಿಕಪ್ ಆರಿಸುವ ಸ್ವಿಚ್ಚನ್ನು ನಡುವಿಗಿಟ್ಟಾಗ ಗುಂಯ್ ಎಂಬ ಸದ್ದು ಇಳಿಯಬೇಕು, ಏಕೆಂದರೆ ಎರಡು ಪಿಕಪ್ಪುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸುತ್ತಿರುತ್ತಾರೆ. ತಂತಿ ಮುಟ್ಟಿದರೂ ಸದ್ದು ಕಡಿಮೆಯಾಗಬೇಕು. ಆಗದಿದ್ದರೆ ಒಳಗಿನ ಅರ್ಥ್ ವೈರ್ ಬಿಟ್ಟಿದೆ.

ಕೊನೆಗೆ ಬಾಡಿಯ ಮೇಲ್ತುದಿಯಲ್ಲಿರುವ ಪುಟ್ಟ ಸ್ವಿಚ್ ಮತ್ತು ಎರಡು ಉರುಳುವ ಚಕ್ರಗಳು. ಸ್ವಿಚ್ ಮೇಲಿದ್ದಾಗ ನೆಕ್ ಕಡೆಯ ಪಿಕಪ್ ಮಾತ್ರ ಬೇರೆ ಸರ್ಕ್ಯೂಟಿನಲ್ಲಿ ಮಂದವಾಗಿ ನುಡಿಯುತ್ತದೆ, ಕೆಳಗಿನ ನಾಬುಗಳಿಗೆ ಆಗ ಕೆಲಸವಿಲ್ಲ. ಸೆಕೆಂಡ್‌ಹ್ಯಾಂಡ್ ಗಿಟಾರೊಂದನ್ನು ‘ಸದ್ದೇ ಬರುವುದಿಲ್ಲ, ರಿಪೇರಿಯಾಗಬೇಕು’ ಎಂದು ಒಬ್ಬರು ನನ್ನ ಮುಂದಿಟ್ಟಿದ್ದರು. ಆ ಸ್ವಿಚ್ ಮೇಲಿತ್ತು, ವಾಲ್ಯೂಮ್ ಚಕ್ರ ಸೊನ್ನೆಯಲ್ಲಿತ್ತು.