ಸೊಂಟಕ್ಕೆ ಮೂರು, ಬೆನ್ನಿಗೆ ಎರಡು: ಸೀಸ ಹೊರುವ ನನ್ನ ಲೆಕ್ಕ

ಸ್ಕೂಬಾ ಡೈವಿಂಗಿನಲ್ಲಿ ಮುಳುಗಲೆಂದು ಸೀಸದ ತುಂಡು ಪೋಣಿಸಿ ಸೊಂಟಕ್ಕೆ ಕಟ್ಟುವ ನೈಲಾನ್ ವೇಟ್ ಬೆಲ್ಟ್ ಬಗ್ಗೆ ನನ್ನ ದೂರು ಇಷ್ಟೆ: ಬೋಟಿನಲ್ಲಿ ಉಸಿರು ಕಟ್ಟುವಷ್ಟು ಬಿಗಿ, ಹದಿನೈದು ಮೀಟರ್ ಕೆಳಗೆ ಸಡಿಲ. ಒತ್ತಡಕ್ಕೆ ವೆಟ್‌ಸೂಟ್ ತೆಳ್ಳಗಾಗುತ್ತದೆ, ಬೆಲ್ಟಿನ ಉದ್ದ ಇದ್ದಷ್ಟೇ ಇರುತ್ತದೆ. ನೇತ್ರಾಣಿ ದ್ವೀಪದ ಬಳಿ ತಲೆ ಕೆಳಗೆ ಮಾಡಿ ಬಂಡೆಯ ಸಂದಿಯನ್ನು ಇಣುಕಿದರೆ ಬೆಲ್ಟ್ ಪಕ್ಕೆಲುಬಿಗೆ ಜಾರುತ್ತದೆ. ನೆಟ್ಟಗಾಗುವ ಹೊತ್ತಿಗೆ ಬಕಲ್ ಬೆನ್ನ ಹಿಂದೆ ಸೇರಿರುತ್ತದೆ. ತುರ್ತಿನಲ್ಲಿ ಬೆಲ್ಟ್ ಕಳಚಿ ಮೇಲೇಳಲು ಬಲಗೈ ಬಕಲ್ ಹುಡುಕಿದರೆ ಸಿಗುವುದು ಸೀಸದ ತುಂಡು. ಸೊಂಟನೋವಿನ ವಿಷಯ ಬೇರೆಯೇ. ಅಕ್ಟೋಬರಿನಿಂದ ಮೇ ತನಕ ದಿನಕ್ಕೆರಡು ಸಲ ಎಂಟು ಕಿಲೋ ಕಟ್ಟಿಕೊಂಡು ಮುರ್ಡೇಶ್ವರದ ಬೋಟಿನಿಂದ ಹಾರುವವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಎಂಟು ಕಿಲೋ ಯಾಕೆ ಎಂದು ಕೇಳಬೇಡಿ. ಪ್ರವಾಸಿಗರನ್ನು ಹಿಡಿದು ನಿಲ್ಲಿಸಬೇಕು, ಗೈಡ್ ಆದವನ ತೂಕ ಹೆಚ್ಚೇ ಇರಬೇಕು ಎಂಬುದು ನಮ್ಮಲ್ಲಿ ಬಂದ ಪದ್ಧತಿ. ನಾನು ಮೊದಲು ಮುರಿದದ್ದು ಅದನ್ನು. ಸೀಸ ಸರಿಯಿದೆಯೇ ಎಂದು ನೋಡುವ ಪರೀಕ್ಷೆ ಇದು: ಸಿಲಿಂಡರಿನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಾಗ, ಬಿಸಿಡಿಯನ್ನು (ಸಿಲಿಂಡರ್ ಹೊರುವ, ಗಾಳಿ ತುಂಬಿ ತೇಲುವ ಜಾಕೆಟ್) ಪೂರ್ತಿ ಖಾಲಿ ಮಾಡಿ, ಸಹಜ ಉಸಿರು ಹಿಡಿದು ನಿಂತಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಡೈವ್ ಮುಗಿಸಿ ಬಂದಾಗಲೆಲ್ಲ ಅರ್ಧರ್ಧ ಕಿಲೋ ತೆಗೆಯುತ್ತಾ ಹೋದೆ. ನನ್ನ ಮೈತೂಕ ಎಪ್ಪತ್ತೆರಡರ ಆಸುಪಾಸು, 3 ಮಿಲಿಮೀಟರ್ ಸೂಟು, ನಮ್ಮ ಎಲ್ಲರ ಅದೇ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರು. ಐದು ಕಿಲೋಗೆ ಬಂದು ನಿಂತಿತು. ತುಂಬಿದ ಸಿಲಿಂಡರಿನಲ್ಲಿ ಈ ಪರೀಕ್ಷೆ ಮಾಡಿ "ನನಗೆ ಮೂರೇ ಸಾಕು" ಎನ್ನುವವರನ್ನು ನೋಡಿದ್ದೇನೆ. ಒಳಗಿನ ಗಾಳಿಯೇ ಎರಡೂವರೆ ಕಿಲೋಗಿಂತ ಹೆಚ್ಚು ತೂಗುತ್ತದೆ. ಅದು ಖರ್ಚಾದ ಮೇಲೆ, ಮೇಲೇಳುವ ಮುನ್ನ ಐದು ಮೀಟರಿನಲ್ಲಿ ನಿಲ್ಲುವ ಸೇಫ್ಟಿ ಸ್ಟಾಪಿನಲ್ಲಿ ಅವರನ್ನು ಕಾಲು ಹಿಡಿದು ಎಳೆಯಬೇಕಾಗುತ್ತದೆ.

ಇನ್ನೊಂದು ಮಾತು. ಬಾಡಿಗೆಯ ಸೀಸದ ಮೇಲೆ ಕೆತ್ತಿದ ಅಂಕಿಯನ್ನು ನಂಬಬೇಡಿ. ಒಂದು ಬೆಳಗ್ಗೆ ಬೋಟಿನ ಪೆಟ್ಟಿಗೆಯ ತುಂಡುಗಳನ್ನೆಲ್ಲ ಮೀನು ಮಾರುವವರ ತಕ್ಕಡಿಗೆ ಹಾಕಿದೆ. ಎರಡು ಕಿಲೋ ಎಂದಿದ್ದದ್ದು 1.8, ಒಂದು ಕಿಲೋ ಎಂದಿದ್ದದ್ದು 1.1. ಅಂದಿನಿಂದ ನನ್ನ ತುಂಡುಗಳು ನನ್ನವೇ.

ಬೆಲ್ಟ್ ಬಿಟ್ಟು ಮೊದಲು ಹೋದದ್ದು ಸೀಸವನ್ನು ಜೇಬಿನಲ್ಲೇ ಇಟ್ಟುಕೊಳ್ಳುವ ಬಿಸಿಡಿಗೆ. ಸೆಕೆಂಡ್ ಹ್ಯಾಂಡ್, ಇಪ್ಪತ್ತೇಳೋ ಇಪ್ಪತ್ತೆಂಟೋ ಸಾವಿರ ಕೊಟ್ಟೆ. ನೀರಿನೊಳಗೆ ಸುಖವೇ ಸುಖ, ಸೊಂಟದ ಮೇಲೆ ಏನೂ ಇಲ್ಲ. ತೊಂದರೆ ಇದ್ದದ್ದು ನೀರಿನ ಮೇಲೆ. ನಮ್ಮ ಬೋಟಿಗೆ ಹಿಂಬದಿಯಲ್ಲಿ ಹತ್ತಿ ನಿಲ್ಲುವ ಹಲಗೆ ಇಲ್ಲ, ಇರುವುದು ಏಣಿ. ಮಧ್ಯಾಹ್ನದ ಗಾಳಿಗೆ ಅಲೆ ಎದ್ದಾಗ ಬಿಸಿಡಿಯನ್ನು ಕಳಚಿ ಮೇಲೆ ಕೊಡಬೇಕು. ಸಿಲಿಂಡರೇ ಹದಿನಾಲ್ಕು ಕಿಲೋ, ಅದರೊಂದಿಗೆ ಉಸಿರಾಡುವ ರೆಗ್ಯುಲೇಟರ್, ಬಿಸಿಡಿ, ಐದು ಕಿಲೋ ಸೀಸ. ಬೋಟು ನಡೆಸುವ ನಮ್ಮ ತಂಡೇಲ ಬಗ್ಗಿ ಅದನ್ನು ಎಳೆದುಕೊಳ್ಳುತ್ತಾ ಒಂದು ದಿನ ಹೇಳಿಯೇಬಿಟ್ಟ: "ಸೀಸ ಬೇರೆ ಕೊಡು, ಸಿಲಿಂಡರ್ ಬೇರೆ ಕೊಡು ಮಾರಾಯಾ. ಎರಡೂ ಒಟ್ಟಿಗೆ ಎತ್ತುವುದು ಇನ್ನು ನನ್ನಿಂದ ಆಗುವುದಿಲ್ಲ." ಅದೂ ಅಲ್ಲದೆ ನೀರಿನಲ್ಲಿ ಬಿಸಿಡಿ ಕಳಚಿದೊಡನೆ ಸೀಸವೆಲ್ಲ ಅದರ ಜೊತೆ ಹೋಯಿತು, ನಾನು ಬಿರಡೆಯಂತೆ ಮೇಲೆ. ಮೂರನೆಯ ಏಟು ಜೇಬಿನದೇ. ಕ್ಲಿಪ್ಪಿನಲ್ಲಿ ಮರಳು ಕೂತಿತ್ತು, ಪೂರ್ತಿ ಬೀಗ ಬಿದ್ದಿರಲಿಲ್ಲ. ಎಡಜೇಬು ಎರಡೂವರೆ ಕಿಲೋ ಸಮೇತ ಬಂಡೆಗಳ ನಡುವೆ ಎಲ್ಲೋ ಬಿತ್ತು. ಆ ಮಾದರಿಯ ಜೇಬು ಜೋಡಿಯಾಗಿ ಮಾತ್ರ ಬರುತ್ತದೆ, ಹೊರದೇಶದಿಂದ, ಎಂಟು ಸಾವಿರದ ಮೇಲೆ. ಬಿಸಿಡಿಯನ್ನು ಹತ್ತೊಂಬತ್ತಕ್ಕೆ ಮಾರಿದೆ.

ಹೆಗಲಿನಿಂದ ಇಳಿಬಿಡುವ ವೇಟ್ ಹಾರ್ನೆಸ್ ಕೂಡ ಒಬ್ಬರಿಂದ ಎರವಲು ತಂದು ನೋಡಿದೆ. ಬೆನ್ನಿಗೆ ಅದರಷ್ಟು ಹಿತವಾದದ್ದು ಬೇರೆ ಇಲ್ಲ. ಆದರೆ ಹೆಗಲ ಮೇಲೆ ಎರಡು ಜೊತೆ ಪಟ್ಟಿ. ದಿನಕ್ಕೆ ಹತ್ತು ಜನರಿಗೆ ಸೂಟು ಹಾಕಿಸುವ ನಮ್ಮಂಥವರಿಗೆ ಆ ಗೋಜಲು ಬೇಡ.

ಇನ್ನು ರಬ್ಬರ್. ಉಸಿರು ಕಟ್ಟಿ ಮುಳುಗುವ ಫ್ರೀಡೈವರುಗಳು ಬಹಳ ಹಿಂದಿನಿಂದ ರಬ್ಬರ್ ಬೆಲ್ಟ್ ಕಟ್ಟುತ್ತಾರೆ. ಸೊಂಟದ ಮೂಳೆಯ ಮೇಲೆ ಎಳೆದು ಕಟ್ಟಿದರೆ ಸೂಟು ತೆಳ್ಳಗಾದಂತೆ ಬೆಲ್ಟ್ ತಾನೂ ಕುಗ್ಗುತ್ತದೆ. ಪೇಟೆಯದಕ್ಕೆ ಐದು ಸಾವಿರದ ಹತ್ತಿರ ಹೇಳಿದರು. ನಾನು ಭಟ್ಕಳದಲ್ಲಿ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಗೆ ಹೋಗಿ ಹಳೆಯ ಲಾರಿ ಟ್ಯೂಬ್ ಕೇಳಿದೆ. ಐವತ್ತು ರೂಪಾಯಿ. ನಮ್ಮ ಹಿರಿಯ ಇನ್‌ಸ್ಟ್ರಕ್ಟರ್ ಅದನ್ನು ನೋಡಿ ಇನ್ನೂ ಎರಡು ವಾರ ನಕ್ಕರು.

ಅವರ ನಗುವಿಗೆ ಕಾರಣ ಇಲ್ಲದಿರಲಿಲ್ಲ. ಒಂದೇ ಪದರದ ಪಟ್ಟಿ ವಿಪರೀತ ಎಳೆಯಿತು. ಕಾಲು ಬಡಿದಂತೆಲ್ಲ ಸೀಸ ಮೇಲೆ ಕೆಳಗೆ ಕುಣಿಯಿತು. ಎರಡು ಪದರ ಮಾಡಿದೆ, ಕುಣಿತ ನಿಂತಿತು. ಸಾಧಾರಣ ನೈಲಾನ್ ಬೆಲ್ಟಿನ ಬಕಲ್ ರಬ್ಬರನ್ನು ಹಿಡಿಯುವುದಿಲ್ಲ. ತೂತಿಗೆ ಕಡ್ಡಿ ಸಿಕ್ಕಿಸುವ ಬಕಲನ್ನು ವೆಲ್ಡಿಂಗ್ ಅಂಗಡಿಯಲ್ಲಿ ಬಾಗಿಸಿಕೊಂಡೆ. ಸ್ಟೇನ್‌ಲೆಸ್ ಎಂದೇ ಕೊಟ್ಟರು, ತಿಂಗಳೊಳಗೆ ಕಂದು ಕಲೆ. ಉಪ್ಪುನೀರಿಗೆ 316 ದರ್ಜೆಯೇ ಬೇಕು. ಮಂಗಳೂರಿನಿಂದ ತರಿಸಿದ ಸಲಾಕೆಗೆ ಬಾಗಿಸುವ ಕೂಲಿಯೂ ಸೇರಿ ನಾನೂರು ಚಿಲ್ಲರೆ. ತೂತು ಹರಿಯುವುದೇ ದೊಡ್ಡ ತಕರಾರು ಆಗಿತ್ತು. ಹರಿಯದಂತೆ ಹೊಡೆಯುವ ಬಗೆ ಒಂದಿದೆ. ಅದನ್ನು ಕಂಡುಕೊಳ್ಳಲು ಎರಡು ಟ್ಯೂಬ್ ಹಾಳು ಮಾಡಿದ್ದೇನೆ, ಇಲ್ಲಿ ಬರೆಯುವುದಿಲ್ಲ.

"ಒಂದೇ ಎಳೆತಕ್ಕೆ ಬಿಚ್ಚದಿದ್ದರೆ ಇದನ್ನು ಬೋಟಿಗೆ ತರಬೇಡ" ಎಂದರು ಇನ್‌ಸ್ಟ್ರಕ್ಟರ್. ನ್ಯಾಯವಾದ ಷರತ್ತು. ಎದೆಮಟ್ಟದ ನೀರಿನಲ್ಲಿ ಕಣ್ಣು ಮುಚ್ಚಿ, ಗ್ಲೌಸ್ ಹಾಕಿ, ಬಾಲ ಹಿಡಿದು ಎಳೆದು ತೋರಿಸಿದೆ. ರಬ್ಬರ್ ಎಳೆದುಕೊಂಡೇ ಇರುವುದರಿಂದ ಕಡ್ಡಿ ತೂತಿನಿಂದ ಹೊರಬಂದ ತಕ್ಷಣ ಬೆಲ್ಟ್ ತಾನೇ ಚಿಮ್ಮುತ್ತದೆ. ನೈಲಾನಿಗಿಂತ ಬೇಗ. ಈಗ ಅವರ ಸೊಂಟದಲ್ಲಿಯೂ ಒಂದಿದೆ, ಅದು ಬೇರೆ ಮಾತು.

ಐದು ಕಿಲೋವನ್ನೂ ಸೊಂಟಕ್ಕೇ ಕಟ್ಟಿದಾಗ ಮೈ ಅಡ್ಡಕ್ಕೆ ಮಲಗದೆ ಕಾಲು ಇಳಿಯುತ್ತಿತ್ತು. ಐದು ಮೀಟರಿನಲ್ಲಿ ಕೈಕಟ್ಟಿ, ಕಾಲಿನ ಫಿನ್ ಆಡಿಸದೆ ನಾಲ್ಕೈದು ಉಸಿರು ಕಾದರೆ ಮೈ ಯಾವ ಕಡೆ ತಿರುಗುತ್ತದೆ ಎಂದು ಗೊತ್ತಾಗುತ್ತದೆ. ನಾನು ಗಡಿಯಾರದ ಮುಳ್ಳು ಆರಕ್ಕೆ ಬಂದಷ್ಟು ನೆಟ್ಟಗಾಗುತ್ತಿದ್ದೆ. ಎರಡು ಕಿಲೋವನ್ನು ಸಿಲಿಂಡರಿನ ಪಟ್ಟಿಗೆ ಏರಿಸಿದೆ, ಎಡಕ್ಕೊಂದು ಬಲಕ್ಕೊಂದು, ಆದಷ್ಟು ಹೆಗಲಿನ ಹತ್ತಿರ. ಕಾಲು ತಾನೇ ಮೇಲೆ ಬಂತು. ಪಟ್ಟಿಯಲ್ಲಿ ತುಂಡು ಜಾರದಂತೆ ನಾನು ಕೂರಿಸುವ ರೀತಿ ನೋಡಬೇಕೆನ್ನುವವರು ಬೋಟಿಗೆ ಬನ್ನಿ. ಉಳಿದ ಮೂರು ಸೊಂಟದಲ್ಲಿ, ಬಿಚ್ಚಿ ಬಿಸಾಡಬಲ್ಲ ಜಾಗದಲ್ಲಿ. ಮೂರನ್ನು ಬಿಟ್ಟರೆ ಸಿಲಿಂಡರ್ ತುಂಬಿದ್ದರೂ ಈ ಸೂಟಿನಲ್ಲಿ ಮೇಲೆ ತೇಲುತ್ತೇನೆ, ಪರೀಕ್ಷಿಸಿಯೇ ಹೇಳುತ್ತಿದ್ದೇನೆ. ನಿಮ್ಮ ಸೂಟು, ನಿಮ್ಮ ಮೈ ಬೇರೆ, ನೀವೇ ನೋಡಿಕೊಳ್ಳಿ. ತಂಡೇಲನಿಗೂ ಸಮಾಧಾನ: ಮೊದಲು ಬೆಲ್ಟ್ ಕೈಗೆ ಕೊಡುತ್ತೇನೆ, ಆಮೇಲೆ ಸಿಲಿಂಡರ್.

ಗಾಳಿಯೂ ಉಳಿಯಿತು. ಮೊದಲು ನಲವತ್ತು ನಿಮಿಷಕ್ಕೆ 50 ಬಾರ್ ಮುಟ್ಟುತ್ತಿದ್ದ ನಾನು ಈಗ ಅದೇ ಆಳದಲ್ಲಿ ಐವತ್ತರ ಹತ್ತಿರ ಇರುತ್ತೇನೆ. ಎಲ್ಲವೂ ಬೆಲ್ಟಿನ ಪುಣ್ಯವಲ್ಲ, ಮೂರು ಕಿಲೋ ಸೀಸ ಇಳಿಸಿದ್ದೂ ಸೇರಿದೆ.

ನಡುವೆ ಕೆಲವು ಕಸರತ್ತು. ಕಾಲಿಗೆ ಅರ್ಧರ್ಧ ಕಿಲೋ ಕಟ್ಟುವ ಪಟ್ಟಿ ಕೊಂಡೆ, ಹದಿನೈದುನೂರು ದಂಡ. ಇಳಿಯುವ ಕಾಲನ್ನು ಇನ್ನಷ್ಟು ಇಳಿಸಿತು, ಪ್ರತಿ ಒದೆತಕ್ಕೂ ತೊಡೆ ಸೋತಿತು. ಒಳಗೆ ನೀರು ಬಾರದ ಡ್ರೈಸೂಟಿನವರಿಗೆ ಅದು ಇರಲಿ. ಜಿಮ್ಮಿನ ಕಬ್ಬಿಣದ ಬಿಲ್ಲೆಯನ್ನೂ ಪೋಣಿಸಿ ನೋಡಿದೆ. ಸಮುದ್ರದಲ್ಲಿ ಕಿಲೋ ಸೀಸ ಸುಮಾರು 910 ಗ್ರಾಂ ಎಳೆದರೆ ಕಬ್ಬಿಣ 870, ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ ಗಾತ್ರ ಒಂದೂವರೆ ಪಟ್ಟು, ತುಕ್ಕು ಸೂಟಿಗೆಲ್ಲ.

ಸೀಸದ ತುಂಡನ್ನು ನಾನೇ ಎರೆದುಕೊಂಡೆ. ಬಲೆಯ ಅಂಗಡಿಯಲ್ಲಿ ಗುಂಡು ಸೀಸ ಕಿಲೋಗೆ ಇನ್ನೂರ ಎಂಬತ್ತೋ ಮುನ್ನೂರೋ ಇತ್ತು. ಪರಿಚಯದ ಎರಕದವರ ಅಂಗಳದಲ್ಲಿ, ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ಕರಗಿಸಿದೆವು. ಅಚ್ಚಿನ ಮರಳು ಒಂದಿಷ್ಟು ಹಸಿಯಾಗಿತ್ತು, ಮೊದಲ ಸುರಿತಕ್ಕೆ ಸೀಸ ಚಟ್ಟನೆ ಸಿಡಿದು ಚಪ್ಪಲಿಯ ತುದಿ ಸುಟ್ಟಿತು. ಅಚ್ಚನ್ನು ಬಿಸಿ ಮಾಡಿ ಒಣಗಿಸಿದ ಮೇಲೆ ತಕರಾರಿಲ್ಲ. ಹಳೆಯ ಬ್ಯಾಟರಿಯ ಸೀಸ ಅಗ್ಗ ಎಂದು ಹೋಗಬೇಡಿ, ಆ ಹೊಗೆ ಕೆಟ್ಟದ್ದು. ಮನೆಯ ಪಾತ್ರೆಯನ್ನಂತೂ ಮುಟ್ಟಲೇಬೇಡಿ. ತುಂಡುಗಳ ಅಂಚು ಉಜ್ಜಿ, ಬೆನ್ನಿನ ಬಾಗಿಗೆ ಹೊಂದುವಂತೆ ಸ್ವಲ್ಪ ಬಗ್ಗಿಸಿ, ಎಪಾಕ್ಸಿ ಬಣ್ಣ ಬಳಿದಿದ್ದೇನೆ.

ಟ್ಯೂಬ್, ಬಕಲ್, ಸೀಸ, ಬಣ್ಣ ಸೇರಿ ಎರಡೂವರೆ ಸಾವಿರ ದಾಟಿಲ್ಲ. ಬಿಸಿಡಿಯಲ್ಲಿ ಕಳೆದ ಎಂಟೊಂಬತ್ತು ಸಾವಿರ, ಕಾಲುಪಟ್ಟಿಯ ಹಣ ಇದರಲ್ಲಿ ಸೇರಿಲ್ಲ. ರಬ್ಬರನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬೋಟಿನ ಕಟ್ಟೆಯ ಮೇಲೆ ಬಿಸಿಲಿಗೆ ಬಿಟ್ಟರೆ ಸೀಸನ್ ಮುಗಿಯುವುದರೊಳಗೆ ತೂತಿನ ಸುತ್ತ ಕೂದಲೆಳೆಯ ಬಿರುಕು ಕಾಣುತ್ತದೆ. ಬಿರುಕು ಕಂಡ ದಿನವೇ ಬದಲಿಸಿ. ಐವತ್ತು ರೂಪಾಯಿಯ ಟ್ಯೂಬಿಗೆ ಮುಖ ನೋಡಬೇಕಾಗಿಲ್ಲ.

ಬರುವ ಸೀಸನ್ನಿಗೆ 12 ಲೀಟರಿನ ಉಕ್ಕಿನ ಸಿಲಿಂಡರ್ ಒಂದೆರಡು ಬರುತ್ತವೆ ಎಂಬ ಮಾತಿದೆ. ಅಲ್ಯೂಮಿನಿಯಮಿನಂತೆ ಖಾಲಿಯಾದಾಗ ತೇಲುವ ಜಾತಿ ಅದಲ್ಲ. ಹಾಗಾದರೆ ಬೆನ್ನಿನ ಎರಡು ಕಿಲೋ ಬೇಡವಾಗಬಹುದು, ಆದರೆ ಸಿಲಿಂಡರನ್ನು ಎಷ್ಟು ಮೇಲೆ ಕಟ್ಟಬೇಕು ಎಂಬ ತಲೆನೋವು ಹೊಸದಾಗಿ ಶುರುವಾಗುತ್ತದೆ. ಉಕ್ಕಿನ ಸಿಲಿಂಡರಿನಲ್ಲಿ ಇಳಿದವರು ನಿಮ್ಮ ಲೆಕ್ಕ ತಿಳಿಸಿ, ಸೀಸ ಎಷ್ಟು ಮತ್ತು ಎಲ್ಲಿ ಎಂದು.