ತಿರುವಿನಲ್ಲಿ ಮೊದಲು ಕಣ್ಣು, ಆಮೇಲೆ ಬೈಕು

ಬ್ರೇಕು ಹಾಕೋದು, ಗೇರು ಇಳಿಸೋದು ಬೈಕು ನೆಟ್ಟಗಿರುವಾಗಲೇ ಮುಗಿಸಿಬಿಡಿ. ವಾಲಿಸಿದ ಮೇಲೆ ಮುಂದಿನ ಬ್ರೇಕು ಗಬಕ್ಕನೆ ಹಿಡಿದರೆ ಟೈರು ಜಾರುತ್ತೆ. ನಾನು ಹಾಗೇ ಬಿದ್ದಿದ್ದೀನಿ, ಕೈ ಊರಿದ್ದು ಜಲ್ಲಿ ಮೇಲೆ. ಗ್ಲೌಸಿನ ಅಂಗೈ ಕಿತ್ತುಹೋಯ್ತು, ನನ್ನ ಚರ್ಮ ಉಳೀತು. ಅವತ್ತಿಂದ ಪಕ್ಕದ ಬೀದಿಗೂ ಗ್ಲೌಸ್ ಇಲ್ಲದೆ ಹೋಗಲ್ಲ.

ತಲೆ ತಿರುಗಿಸಿ, ತಿರುವು ಮುಗಿಯುವ ಕಡೆ ನೋಡಿ. ಗುಂಡಿ ನೋಡಿದರೆ ಗುಂಡಿಗೇ ಹೋಗ್ತೀರಿ. ಎಡಕ್ಕೆ ಹೋಗಬೇಕೇ? ಹ್ಯಾಂಡಲಿನ ಎಡಗಡೆ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿ, ಬೈಕು ಎಡಕ್ಕೇ ವಾಲುತ್ತೆ. ಮೊದಮೊದಲು ನಂಬಿಕೆ ಬರಲ್ಲ. ಖಾಲಿ ಮೈದಾನದಲ್ಲಿ 30 ಕಿ.ಮೀ. ವೇಗದಲ್ಲಿ ಮಾಡಿ ನೋಡಿ. ಆಕ್ಸಿಲರೇಟರ್ ಒಂದೇ ಸಮ ಇರಲಿ. ಎದುರಿನ ರಸ್ತೆ ಕಾಣದ ತಿರುವಲ್ಲಿ ಓವರ್‌ಟೇಕ್ ಮಾತ್ರ ಬೇಡವೇ ಬೇಡ.